ಬಟ್ಟೆಯಲ್ಲಿ ಉಳಿದ ನೀರು

ಅಂಚೆ: ಚಿಕ್ಕಜಾಜೂರು
27-3-1976, ಶನಿವಾರ

ಪ್ರೀತಿಯ ಜಯಕ್ಕನಿಗೆ ನಿನ್ನ ತಂಗಿ ವನಜಳ ನಮಸ್ಕಾರ.

ಈ ಕಾಗದ ಓದಿ ಮುಗಿಸುವ ಮೊದಲೇ ಒಂದು ಕೆಲಸ ಮಾಡು. ಗಿರಿಜೆಯನ್ನು ಬೆಳಕಿಗೆ ಕರೆದು ಅವಳ ಕಾಲುಗಳನ್ನು ನೋಡು. ಪಾದ, ಹಿಮ್ಮಡಿ, ಮೀನಖಂಡ, ಮೊಣಕಾಲಿನ ಹಿಂಭಾಗ. ಎಲ್ಲಾದರೂ ಗಂಟು, ಗುಳ್ಳೆ ಇದೆಯೇ ನೋಡು. ಇರಲಾರದು. ಅದಕ್ಕೆ ಇನ್ನೂ ಕಾಲ ಬಂದಿಲ್ಲ ಎಂದು ತಿಳಿದವರು ಹೇಳಿದ್ದಾರೆ. ಆದರೂ ನೋಡು. ನೋಡಿ ಬಂದು, ಕೂತು, ಉಳಿದದ್ದನ್ನು ಓದು. ಮಗುವಿನ ಮುಂದೆ ಗಟ್ಟಿಯಾಗಿ ಓದಬೇಡ.

ಈ ಊರಿಗೆ ಬಂದಾಗಿನಿಂದ ನಿನಗೆ ಎಷ್ಟೋ ಬರೆದಿದ್ದೇನೆ. ಶಾಲೆಯ ಹಿಂದಿನ ಹುಣಸೆಮರ, ಮಕ್ಕಳು ನನ್ನನ್ನು ‘ಅಕ್ಕೋರೆ’ ಎಂದು ಕರೆಯುವುದು, ದೂರದಲ್ಲಿ ಕೇಳುವ ರೈಲಿನ ಕೂಗು. ಒಂದು ವಿಷಯವನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೆ. ಅದನ್ನು ಬರೆದರೆ ಅಪ್ಪ ಮಾರನೆಯ ದಿನವೇ ದುರ್ಗದಿಂದ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು.

ಇಲ್ಲಿ ಅದನ್ನು ನಾರು ಅನ್ನುತ್ತಾರೆ. ಬಿಸಿಲು ಏರಿತೆಂದರೆ ಯಾರದಾದರೂ ಕಾಲಿನಲ್ಲಿ ಗುಳ್ಳೆಯೆದ್ದು, ಒಡೆದು, ಬಿಳಿಯ ದಾರದಂಥ ಹುಳು ಹೊರಗೆ ತಲೆ ಹಾಕುತ್ತದೆ. ಎಳೆದರೆ ಬರುವುದಿಲ್ಲ. ಒಳಗೆ ತುಂಡಾದರೆ ಕಾಲು ಬಾತು ಕೀವಾಗುತ್ತದೆ. ಅದಕ್ಕೇ ಅದರ ತುದಿಯನ್ನು ಪೊರಕೆ ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಬೆರಳಗಲದಷ್ಟು ಸುತ್ತುತ್ತ ವಾರಗಟ್ಟಲೆ ಕೂರಬೇಕು. ಎದುರು ಮನೆಯ ರೈತ ಚಿತ್ತಯ್ಯ ಹೀಗೆ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಾನೆ. ನಾನು ಶಾಲೆಗೆ ಹೊರಟರೆ, ‘ಏನ್ ಅಕ್ಕೋರೆ, ನಿಮ್ ಪಾಠ ಎಷ್ಟಾತು? ನಂದು ಇವತ್ತಿಗೆ ಗೇಣುದ್ದ ಆತು ನೋಡ್ರಿ’ ಎಂದು ನಗುತ್ತಾನೆ. ನಗುವಾಗಲೂ ಕಾಲನ್ನು ಅಲ್ಲಾಡಿಸುವುದಿಲ್ಲ. ಹುಣ್ಣಿನ ಮೇಲೆ ನೊಣ ಕೂತರೂ ಅಲ್ಲಾಡಿಸುವುದಿಲ್ಲ.

ಇದು ನೀರಿನಿಂದ ಬರುವ ಕಾಯಿಲೆ. ಊರಿಗೆಲ್ಲ ಇರುವುದು ಒಂದೇ ಮೆಟ್ಟಿಲ ಬಾವಿ. ಕೊಡ ತುಂಬಲು ಎಲ್ಲರೂ ನೀರಿಗೆ ಕಾಲಿಟ್ಟೇ ಇಳಿಯಬೇಕು, ನಾರು ಎದ್ದವರೂ. ಹುಳುವಿನ ಮರಿಗಳು ಅಲ್ಲಿ ನೀರಿಗೆ ಬಿದ್ದು, ಎಳ್ಳಿಗಿಂತ ಸಣ್ಣ ನೀರುಹುಳುಗಳ ಹೊಟ್ಟೆ ಸೇರುತ್ತವೆ. ಆ ನೀರು ಕುಡಿದವರ ಮೈಯಲ್ಲಿ ವರ್ಷದ ಹೊತ್ತಿಗೆ ದಾರ ಬೆಳೆಯುತ್ತದೆ. ಬಟ್ಟೆಯಲ್ಲಿ ಸೋಸಿ ಕುಡಿದರೆ ಭಯವಿಲ್ಲ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಕ್ಕ. ಏಳನೇ ತರಗತಿಗೆ ಈ ಪಾಠ ಮಾಡುವವಳೇ ನಾನು.

ಹಳಗನ್ನಡ ಓದಿದವಳಿಗೆ ವಿಜ್ಞಾನ ಯಾಕೆ ಕೊಟ್ಟರೆಂದು ನೀನು ಕೇಳಿದ್ದೆ. ಕೊಡಲು ಬೇರೆ ಯಾರೂ ಇರಲಿಲ್ಲ. ನನಗೆ ಬರುವುದಿಲ್ಲ ಎಂದು ಅಳುಕುತ್ತ ಹೇಳಿದ್ದಕ್ಕೆ ನಮ್ಮ ಹೆಡ್ ಮಾಸ್ತರು ಗೋವಿಂದಯ್ಯನವರು, ‘ಅದೇನಮ್ಮ ಕಷ್ಟ? ವಿಜ್ಞಾನದ ಪುಸ್ತಕಾನೂ ಕನ್ನಡದಾಗೇ ಐತಲ್ಲ’ ಎಂದಿದ್ದರು.

ನಾನಿರುವ ಮನೆಯ ಯಜಮಾನಿ ಮರುಳಸಿದ್ದಮ್ಮನವರ ಬಗ್ಗೆ ಬರೆದಿದ್ದೆನಲ್ಲ. ಬಂದ ದಿನವೇ ನಾನು ಅಪ್ಪನ ಹಳೆಯ ಪಂಚೆಯ ತುಂಡನ್ನು ಮಡಿಸಿ ಬಿಂದಿಗೆಯ ಬಾಯಿಗೆ ಕಟ್ಟಿ ಬಾವಿಯ ನೀರು ಸೋಸಿದೆ. ನೀರೆಲ್ಲ ಇಳಿದ ಮೇಲೆ ಬಟ್ಟೆಯ ತಗ್ಗಿನಲ್ಲಿ ಒಂದು ಬೊಗಸೆಯಷ್ಟು, ಕಸದ ಜೊತೆ, ಇಳಿಯದೆ ನಿಂತಿತ್ತು. ಅಂಗಳಕ್ಕೆ ಚೆಲ್ಲಲು ಹೋದೆ. ಆಕೆ ನನ್ನ ಮಣಿಕಟ್ಟು ಹಿಡಿದರು. ‘ಗಂಗವ್ವನ್ನ ನೆಲಕ್ಕೆ ಚೆಲ್ತಾರೇನೇ ತಾಯಿ? ಓದಿದೋಳು ನೀನು. ಕೊನೇ ನೀರು ಮನೆಗೇ ಸೇರ್ಬೇಕು’ ಎಂದು, ಕಸವನ್ನು ಬೆರಳಿನಿಂದ ಎತ್ತಿ ಹಾಕಿ, ಉಳಿದ ನೀರನ್ನು ಬಿಂದಿಗೆಗೆ ಬಗ್ಗಿಸಿ ಬಟ್ಟೆಯನ್ನು ಹಿಂಡಿದರು.

ಇದು ಇವರ ಪದ್ಧತಿ. ಅಷ್ಟು ಮೆಟ್ಟಿಲು ಹತ್ತಿ ಹೊತ್ತು ತಂದ ನೀರಿನ ಕೊನೆಯ ಗುಟುಕನ್ನು ಇಲ್ಲಿ ಯಾರೂ ಮಣ್ಣಿಗೆ ಸುರಿಯುವುದಿಲ್ಲ. ಬಂದ ದಿನವೇ ಎದುರಾಡುವುದು ಹೇಗೆ? ನನ್ನ ಸ್ವಭಾವ ನಿನಗೆ ಗೊತ್ತು. ನಾಲ್ಕು ಜನರೆದುರು ಬಾಯಿ ಬಿಡಲಾರದವಳಿಗೆ, ಅವರು ಮಾಡಿದಂತೆ ಮಾಡುವುದೇ ಅವರೊಡನೆ ಮಾತಾಡಿದ ಹಾಗೆ. ಮರುದಿನದಿಂದ ನಾನೂ ಬಗ್ಗಿಸಿದೆ, ಹಿಂಡಿದೆ. ಆಮೇಲೆ ಕೈ ತಾನಾಗಿಯೇ ಮಾಡುತ್ತಿತ್ತು.

ತರಗತಿಯಲ್ಲಿ ಪಾಠ ಬಂದಾಗ ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ನನಗೆ ಸುಲಭವೆನಿಸಿತು. ಮೇಜಿನ ಮೇಲೆ ಬಿಂದಿಗೆಯಿಟ್ಟು ಸೋಸಿದೆ. ಕೊನೆಯ ನೀರನ್ನೂ ಬಗ್ಗಿಸಿದೆ. ಮುಂದಿನ ಸಾಲಿನ ಓಬಮ್ಮ ಎಂಬ ಹುಡುಗಿ ಪಕ್ಕದವಳಿಗೆ, ‘ನೋಡೇ, ಅಕ್ಕೋರೂ ನಮ್ಮಂಗೇ’ ಎಂದಳು. ಆ ಮಾತಿಗೆ ನಾನು ಎಷ್ಟು ಹಿಗ್ಗಿದೆನೆಂದರೆ ಆ ದಿನ ಮಧ್ಯಾಹ್ನ ಊಟವೇ ಬೇಕೆನಿಸಲಿಲ್ಲ. ಊರಲ್ಲಿ ಅನೇಕ ಮನೆಗಳವರು ಸೋಸಲು ಶುರು ಮಾಡಿದ್ದೂ ಆಮೇಲೆಯೇ.

ಹೋದ ಸೋಮವಾರ ಇನ್‌ಸ್ಪೆಕ್ಟರ್ ಶಿವಕುಮಾರಪ್ಪನವರು ವಾರ್ಷಿಕ ತನಿಖೆಗೆ ಬಂದರು. ಹೊಸಬರು. ಅವರು ಪುಸ್ತಕದ ಪ್ರಶ್ನೆ ಕೇಳುವುದಿಲ್ಲವೆಂಬ ಸುದ್ದಿ ಮೊದಲೇ ಬಂದಿತ್ತು. ಗೋವಿಂದಯ್ಯನವರು ವಾರದಿಂದ ಮಕ್ಕಳಿಗೆ ನೀರಿನ ಪಾಠ ಬಾಯಿಪಾಠ ಮಾಡಿಸಿ, ‘ಗೊತ್ತಿಲ್ದಿದ್ರೂ ಕೈ ಎತ್ರಲೇ, ಕೈ ಎತ್ತಿದೋರ್ನ ಯಾವ ಇನ್‌ಸ್ಪೆಕ್ಟ್ರೂ ಕೇಳಲ್ಲ’ ಎಂದು ಬುದ್ಧಿ ಹೇಳಿದ್ದರು. ನನ್ನದು ಹಂಗಾಮಿ ಕೆಲಸ. ನನ್ನ ಭಯವೆಲ್ಲ ಅವತ್ತು ಆ ಕೆಲಸದ ಬಗ್ಗೆಯೇ ಇತ್ತು. ಈಗ ನೆನೆಸಿಕೊಂಡರೆ ಅದು ಎಷ್ಟು ಹಗುರವಾದ ಭಯ ಅನಿಸುತ್ತದೆ.

ಇನ್‌ಸ್ಪೆಕ್ಟರು ಟೈಲರ್ ಕರೀಂ ಸಾಬರ ಮಗ ತಾಜುದ್ದೀನನನ್ನು ಎಬ್ಬಿಸಿ ನೀರಿನ ಗುಣ ಕೇಳಿದರು. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ ಎಂದು ಅವನು ಒಂದೇ ಉಸಿರಿಗೆ ಒಪ್ಪಿಸಿದ. ‘ನಿಮ್ಮೂರ ಬಾವಿ ನೀರಿಗೆ?’ ಎಂದರು. ‘ಅದಕ್ಕೆ ಮೂರೂ ಐತೆ ಸಾ’ ಎಂದ. ಇನ್‌ಸ್ಪೆಕ್ಟರು ಮನಸಾರೆ ನಕ್ಕರು. ಬರೆದ ಉತ್ತರಗಳನ್ನು ನೋಡಿದರು. ಒಂದೂ ತಪ್ಪಿರಲಿಲ್ಲ. ಗೋವಿಂದಯ್ಯನವರು ಕುರ್ಚಿಯಲ್ಲಿ ಒರಗಿ ಕೂತರು.

‘ಬರೆದದ್ದೆಲ್ಲ ಸರಿ ಐತೆ. ಈಗ ಒಬ್ಬೊಬ್ರೇ ಬಂದು ಮಾಡಿ ತೋರಿಸ್ರಿ’ ಎಂದು ಇನ್‌ಸ್ಪೆಕ್ಟರು ಬಾವಿಯ ನೀರು, ಬಟ್ಟೆ, ತಮ್ಮ ಚೀಲದಿಂದ ತೆಗೆದ ಅಗಲ ಬಾಯಿಯ ಗಾಜಿನ ಜಾಡಿಗಳನ್ನು ಮೇಜಿನ ಮೇಲಿಟ್ಟರು. ಓಬಮ್ಮ ಮೊದಲು ಬಂದಳು. ಬಟ್ಟೆ ಮಡಿಸಿದಳು, ಕಟ್ಟಿದಳು, ಒಂದು ಹನಿ ಆಚೀಚೆ ಬೀಳದಂತೆ ಸುರಿದಳು. ನನಗೆ ಹೆಮ್ಮೆಯಾಯಿತು. ಆಮೇಲೆ ತಗ್ಗಿನಲ್ಲಿ ಉಳಿದದ್ದನ್ನು ಜಾಡಿಗೆ ಬಗ್ಗಿಸಿ ಹಿಂಡಿದಳು. ಇನ್‌ಸ್ಪೆಕ್ಟರು ಮುಂದಿನವನನ್ನು ಕರೆದರು. ಅವನೂ ಬಗ್ಗಿಸಿದ. ತಾಜುದ್ದೀನ್ ಬಗ್ಗಿಸಿದ. ಪ್ರತಿಯೊಬ್ಬರೂ ಕೊನೆಗೆ ನನ್ನ ಹಾಗೆಯೇ ಎಡಗೈಯಿಂದ ಬಟ್ಟೆಯ ತುದಿ ಹಿಡಿದು, ಬಲಗೈಯಿಂದ ಹಿಂಡಿದರು. ನನ್ನ ಕೈಗಳನ್ನೇ ಅಷ್ಟು ಸಲ ಎದುರಿಗೆ ನೋಡಿದ ಹಾಗಾಯಿತು. ಆದರೂ ತಪ್ಪು ಏನೆಂದು ನನಗೆ ಹೊಳೆದಿರಲಿಲ್ಲ.

ಅವರು ಒಂದು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಕ್ಕಳನ್ನು ಹತ್ತಿರ ಕರೆದರು. ನಾನೂ ಹೋದೆ. ತಿಳಿಯಾದ ನೀರಿನಲ್ಲಿ ಸಣ್ಣ ಬಿಳಿ ಚುಕ್ಕಿಗಳು ಕುಪ್ಪಳಿಸುತ್ತಿದ್ದವು. ‘ಸೋಸೋದು ಚೆನ್ನಾಗಿ ಬಂತು. ಸೋಸಿ ಹಿಡಿದಿದ್ದನ್ನ ತಿರುಗ ಒಳಗೇ ಹಾಕಿದ್ರಲ್ಲ, ಯಾಕಮ್ಮ?’ ಎಂದು ಓಬಮ್ಮನನ್ನು ಕೇಳಿದರು. ಅವಳು ಗಾಬರಿಯಿಂದ, ‘ಅಕ್ಕೋರು ಹಂಗೇ ತೋರ್ಸಿದ್ರು ಸಾ’ ಎಂದಳು. ಇಡೀ ತರಗತಿ ತಿರುಗಿ ನನ್ನನ್ನು ನೋಡಿತು. ಯಾರೂ ದೂರುತ್ತಿರಲಿಲ್ಲ. ನಾನು ಏನಾದರೂ ಹೇಳಿ ಅವಳನ್ನು ಉಳಿಸುತ್ತೇನೆಂದು ಕಾಯುತ್ತಿದ್ದರು.

ಆಮೇಲೆ ಹೊರಗೆ, ಹುಣಸೆಮರದ ಕೆಳಗೆ, ಇನ್‌ಸ್ಪೆಕ್ಟರು ‘ಈ ಊರಿಗೆ ಬಂದು ಎಷ್ಟು ದಿನ ಆತಮ್ಮ?’ ಎಂದು ಕೇಳಿದರು. ಹೋದ ಜೂನ್‌ನಿಂದ ಎಂದೆ. ‘ನೀವೂ ಹಿಂಗೇ ಸೋಸ್ಕೊಂಡು ಕುಡೀತೀರಾ?’ ಎಂದರು. ತಲೆಯಾಡಿಸಿದೆ. ಔಷಧವಿದೆಯೇ ಎಂದು ಕೇಳಿದೆ. ಕುಡಿದದ್ದನ್ನು ಹಿಂದಕ್ಕೆ ತೆಗೆಯುವ ಔಷಧವಿಲ್ಲವಂತೆ. ಎಲ್ಲರಿಗೂ ಬರಬೇಕೆಂದಿಲ್ಲ, ಬರುವುದಾದರೆ ಸುಮಾರು ವರ್ಷಕ್ಕೆ ಹೊರಬೀಳುತ್ತದೆ, ಅಲ್ಲಿಯವರೆಗೆ ಮೈಯೊಳಗಿರುವುದು ತಿಳಿಯುವುದೇ ಇಲ್ಲ ಎಂದರು. ಹೊರಡುವಾಗ, ‘ಮಕ್ಕಳಿಗೆ ಪೂರ್ತಿ ಅಂಕ ಕೊಟ್ಟೀನಮ್ಮ. ನೀವು ಕಲಿಸಿದ್ದನ್ನ ಒಂದಿಷ್ಟೂ ಬಿಡದಂಗೆ ಕಲ್ತವೆ’ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗೋವಿಂದಯ್ಯನವರು ಪೂರ್ತಿ ಅಂಕದ ಖುಷಿಯಲ್ಲಿ ಎಲ್ಲರಿಗೂ ಮಂಡಕ್ಕಿ ತರಿಸಿದರು. ನಾನು ಸಂಜೆಯೇ ಮನೆಮನೆಗೆ ಹೋಗಿ, ಕೊನೆಯ ನೀರನ್ನು ದಯವಿಟ್ಟು ಚೆಲ್ಲಿ ಎಂದು ಹೇಳಿದೆ. ಜೀವಮಾನದಲ್ಲಿ ನಾನು ಅಷ್ಟು ಜನರೊಡನೆ ಮಾತಾಡಿದ್ದು ಅದೇ ಮೊದಲು. ಕರೀಂ ಸಾಬರು ಹೊಲಿಗೆ ಯಂತ್ರ ನಿಲ್ಲಿಸಿ, ‘ಆಗ ಒಂದು ಹೇಳಿದ್ರಿ, ಈಗ ಒಂದು ಹೇಳ್ತೀರಿ. ಯಾವುದ್ರಾಗೆ ನಮ್ಮನ್ನ ಪಾಸ್ ಮಾಡ್ತೀರಿ ಅಕ್ಕೋರೆ?’ ಎಂದರು. ಆದರೂ ಹೆಂಡತಿ ಇಮಾಂಬಿಯವರನ್ನು ಕರೆದು ಹಾಗೆಯೇ ಮಾಡಲು ಹೇಳಿದರು. ಉಳಿದ ಕಡೆ ಹೆಂಗಸರು ಹೂಂ ಅಂದರು. ಆ ಹೂಂಗೆ ಏನರ್ಥವೋ ತಿಳಿಯದು.

ಈಗ ನಿನಗೆ ಅರ್ಥವಾಗಿರಬೇಕು. ದಸರಾ ರಜೆಗೆ ಗಿರಿಜೆ ಇಲ್ಲಿ ಬಂದು ಇದ್ದಳಲ್ಲ. ‘ಚಿಕ್ಕಿ, ಕೊನೇ ನೀರು ನಾನೇ ಹಿಂಡ್ತೀನಿ’ ಎಂದು ದಿನಾ ಜಗಳವಾಡಿ ಪುಟ್ಟ ಕೈಗಳಿಂದ ಹಿಂಡುತ್ತಿದ್ದಳು. ಹಿಂಡಿದ ಕೂಡಲೇ ಮೊದಲ ಲೋಟ ಅವಳಿಗೇ ಬೇಕು. ನಾನೇ ಮೊಗೆದು ಕೊಡುತ್ತಿದ್ದೆ. ಹಾಗಾಗಿ ಮುಂದಿನ ದಸರೆಯ ಆಚೀಚೆ, ಆಷಾಢ ಕಳೆದ ಮೇಲಂತೂ ಪ್ರತಿ ದಿನ, ಅವಳಿಗೆ ಸ್ನಾನ ಮಾಡಿಸುವಾಗ ಕಾಲು ನೋಡು. ಏನಾದರೂ ಕಂಡರೆ ಕೈಯಿಂದ ಕೀಳಲು ಬಿಡಬೇಡ, ಹಿರಿಯೂರಿನಲ್ಲಿ ಡಾಕ್ಟರಿಗೆ ತೋರಿಸು. ಆಗ ನಿಮ್ಮ ಬಬ್ಬೂರಿನ ಯಾವ ಬಾವಿಗೂ, ಕೆರೆಗೂ ಅವಳು ಕಾಲಿಡಬಾರದು. ಭಾವನವರಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಅವರು ನನ್ನನ್ನು ಏನೆಂದರೂ ಸರಿಯೇ.

ನಾನೇ ಬಂದು ನಿನ್ನೆದುರು ಕೂತು ಹೇಳಬೇಕಿತ್ತು. ಪರೀಕ್ಷೆಯ ಕೆಲಸ ಹೆಚ್ಚು, ಸಂತೆಯ ದಿನ ಬಿಟ್ಟರೆ ಬಸ್ಸೂ ಇಲ್ಲ. ನನ್ನ ಬಗ್ಗೆ ಚಿಂತಿಸಬೇಡ, ನಾನು ಚೆನ್ನಾಗಿದ್ದೇನೆ. ಅಪ್ಪನಿಗೆ ಈ ಕಾಗದ ತೋರಿಸಬೇಡ.

ಗಿರಿಜೆಯ ಕೆನ್ನೆಗೆ ನನ್ನ ಮುತ್ತು. ಬೈದಾದರೂ ಸರಿ, ಎರಡು ಸಾಲು ಬರೆ.

ಇಂತು ನಿನ್ನ
ವನಜ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ನಾನು ಬರದಿರುವುದು ಬಸ್ಸಿಲ್ಲದ್ದಕ್ಕಲ್ಲ. ಮೊನ್ನೆಯಿಂದ ಚಪ್ಪಲಿ ಹಾಕಲಾಗುತ್ತಿಲ್ಲ, ಎಡಗಾಲಿನ ಹರಡಿನ ಮೇಲೆ ಗುಳ್ಳೆ ಎದ್ದಿದೆ. ಬೆಂಕಿ ಇಟ್ಟಂತೆ ಉರಿಯುತ್ತದೆ. ಬಂದ ದಿನದಿಂದ ಸೋಸದ ನೀರನ್ನು ನಾನು ಒಂದು ಗುಟುಕೂ ಕುಡಿದಿಲ್ಲ ಅಕ್ಕ. ಅದಕ್ಕೇ ಗಿರಿಜೆಯ ಬಗ್ಗೆ ಇಷ್ಟು ಹೇಳುತ್ತಿದ್ದೇನೆ. ಗುಳ್ಳೆ ಏಳುವವರೆಗೆ ಕಾಯಬೇಡ. ಅದಕ್ಕೂ ಮೊದಲು ಕೆಲವು ದಿನ ಬರೀ ತುರಿಕೆ ಇರುತ್ತದೆ. ಕೇಳಿದರೆ ಸೊಳ್ಳೆ ಕಚ್ಚಿತು ಅನ್ನುತ್ತಾಳೆ. ನಂಬಬೇಡ. ನಾನೂ ಹಾಗೆಂದೇ ತಿಳಿದಿದ್ದೆ.