ಬ್ಯಾಂಕಾಕಿನ ಹಣೆಗಳಿಗೆ ಅಜ್ಜಿಯ ವಿಭೂತಿ

ಬ್ಯಾಂಕಾಕ್, ಅಕ್ಟೋಬರ್ ೧೯೭೩

ರಾಜಾಜಿನಗರ ಸಾಮ್ರಾಜ್ಯದ ಅಧೀಶ್ವರಿ, ಬೀದಿ ನಲ್ಲಿಯ ನೀರಿನ ಸರದಿಗೆ ಏಕೈಕ ಸರ್ವಾಧಿಕಾರಿಣಿ, ಅಜ್ಜಿ ಶಿವಗಂಗಮ್ಮನವರ ದಿವ್ಯ ಪಾದಗಳಿಗೆ ಮೊಮ್ಮಗ ರೇವಣಸಿದ್ದಪ್ಪನ ಸಾವಿರ ಶರಣು.

ಇಲ್ಲೂ ಸರ್ವಾಧಿಕಾರಿಗಳಿದ್ದಾರೆ, ನಿಮ್ಮಷ್ಟು ಗಟ್ಟಿಗರಲ್ಲ, ಕಾಲೇಜು ಹುಡುಗರಿಗೇ ಹೆದರುತ್ತಾರೆ. ಹಿಡಿದಿಟ್ಟ ಗೆಳೆಯರನ್ನು ಬಿಡಿ ಎಂದು ವಿದ್ಯಾರ್ಥಿಗಳೆಲ್ಲ ಬೀದಿಗಿಳಿದಿದ್ದಾರೆ. ಮೊನ್ನೆ ನೋಡಲು ಹೋದೆ. ಇಲ್ಲಿನ ಭಿಕ್ಷುಗಳೂ ಹಣೆಗೆ ಬಿಳಿ ಹಚ್ಚಿ ಹರಸುತ್ತಾರಂತೆ. ನನ್ನ ಮೂರು ಪಟ್ಟೆ ಕಂಡು ಪಕ್ಕದ ಮನೆಯ ಪ್ರಸಿತ್ ಹಣೆಯೊಡ್ಡಿ, ಹರಕು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: "ನಂಗೂ ಹಚ್ಚು ಗುರು, ಕಾಲು ನಡುಗ್ತಿದೆ." ಪಟ್ಟೆ ಬೆವರಿಗೆ ಅಳಿಸಿಹೋದರೆ ನನ್ನನ್ನು ಇಲ್ಲಿ ಇಟ್ಟುಕೊಂಡಿರುವ ಚಿಕ್ಕಪ್ಪ ಬೈಯುತ್ತಾರೆಂದು ಜೇಬಿನಲ್ಲಿಟ್ಟಿದ್ದ ಪೊಟ್ಟಣ ಬಿಚ್ಚಿ ಹಚ್ಚಿದೆ. ಹಿಂದೆಯೇ ನಿಮ್ಮ ನಲ್ಲಿಯ ಮುಂದಿನಂಥ ಸಾಲು!

ಪ್ರಸಿತ್ ನಡುಗುವ ಕಾಲಲ್ಲೇ ಹೋಗಿ ಬಂದೂಕುಗಳ ಎದುರು ಕುಳಿತ. ನವರಂಗ್ ಸ್ಟಾಪಿನಲ್ಲಿ ಓಡುವ ಬಸ್ಸಿನಿಂದ ಹಾರುವವನೇ ಶೂರ ಎಂದುಕೊಂಡಿದ್ದ ನಾನು, ಅಶ್ರುವಾಯು ಬಂದ ಕೂಡಲೇ ಚಿಕ್ಕಪ್ಪನ ಮನೆಗೆ ಓಡಿದೆ.

ಕಣ್ಣುರಿ ವಾಸಿಯಾಗಿದೆ. ಪ್ರಸಿತ್ ಇನ್ನೂ ಮನೆಗೆ ಬಂದಿಲ್ಲ. ಈ ಕಾಗದ ತಲುಪಿದ ದಿನವೇ ಪೂಜೆಯಲ್ಲಿ ಅವನ ಹೆಸರು ಹೇಳಿ, ಬೇಗ ಒಂದು ವಿಭೂತಿ ಗಟ್ಟಿ ಕಳಿಸಿ. ನೀವು ಕೊಟ್ಟದ್ದು ಬಂದ ವಾರವೇ ಕಳೆದುಹೋಯಿತು. ನಾನು ಎಲ್ಲರಿಗೂ ಹಚ್ಚಿದ್ದು ಹಲ್ಲುಪುಡಿ.

ರೇವಣ