ಉಪ್ಪಾರಹಳ್ಳಿ ಉಡಾಫೆಯ ಎರಡನೆಯ ಸಾವು

ಉಪ್ಪಾರಹಳ್ಳಿ, ತುಮಕೂರು
೧ ಜೂನ್ ೨೦೦೮, ಭಾನುವಾರ

ಯಶಸ್ವಿನಿಯ ಅಪ್ಪನವರಿಗೆ ಮಂಗಳಗೌರಿಯ ನಮಸ್ಕಾರಗಳು.

ನಿಮ್ಮನ್ನು ‘ಅಂಜನ್ ಅಪ್ಪ’ ಎಂದೇ ಕರೆದು ಅಭ್ಯಾಸ. ಈಗಲೂ ಕೈ ಅದನ್ನೇ ಬರೆಯಲು ಹೋಯಿತು, ತಡೆದು ಮಗಳ ಹೆಸರು ಹಾಕಿದ್ದೇನೆ. ನಾವಿಲ್ಲಿ ಕ್ಷೇಮ ಎಂದರೆ ನೀವು ನಂಬುವುದಿಲ್ಲ, ನೀವಲ್ಲಿ ಕುಣಿಗಲ್‌ನಲ್ಲಿ ಕ್ಷೇಮ ಎಂದರೆ ನಾನು ನಂಬುವುದಿಲ್ಲ. ಆದ್ದರಿಂದ ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬರುವ ಬುಧವಾರ ಹನ್ನೊಂದನೆಯ ದಿನ. ಅವತ್ತು ನಮ್ಮ ಮಗನನ್ನು ಎಬ್ಬಿಸಬೇಡಿ. ಈ ಒಂದು ಮಾತು ನಡೆಸಿಕೊಡಿ ಎಂದು ಕೇಳುವುದಕ್ಕೇ ಈ ಪತ್ರ.

ಏನು ಹೇಳುತ್ತಿದ್ದಾಳೆ ಇವಳು, ತಲೆ ಕೆಟ್ಟಿದೆಯೇ ಎಂದು ಮುಖ ಮಾಡಬೇಡಿ. ನನಗೆ ಎಲ್ಲ ಗೊತ್ತಾಗಿದೆ. ಎಷ್ಟು ಗೊತ್ತಾಗಿದೆ ಎಂಬುದು ನಿಮಗೂ ತಿಳಿಯಲಿ ಎಂದು ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ, ಬೇಸರಿಸದೆ ಓದಿ.

ಯುಗಾದಿ ಕಳೆದ ಮೇಲೆ ಒಂದು ದಿನ ಯಶಸ್ವಿನಿ ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತಳು. ಮುಖ ಬಿಳುಚಿಕೊಂಡಿತ್ತು. “ಅಮ್ಮ, ಅಣ್ಣ ಮಾತಾಡ್ತವ್ನೆ” ಅಂದಳು. ಅತ್ತೆ ಹೂವು ಕಟ್ಟುತ್ತಾ ಕೂತಿದ್ದವರು ತಲೆಯೆತ್ತಿ, “ನಾನ್ ಹೇಳ್ನಿಲ್ವಾ, ಅವನು ಹೋಗಿಲ್ಲ ಅಂತ” ಅಂದು ಮತ್ತೆ ಹೂವು ಕಟ್ಟಿದರು. ಕ್ಲಾಸಿನ ಹುಡುಗಿ ಯಾರೋ, ನಿಮ್ಮಣ್ಣ ಆರ್ಕುಟ್‌ನಲ್ಲಿ ಸಖತ್ತಾಗಿ ಬರೀತಾರೆ ಕಣೇ ಎಂದಳಂತೆ. ಅಣ್ಣ ತೀರಿಕೊಂಡ ಸುದ್ದಿ ಆ ಹುಡುಗಿಗೆ ಗೊತ್ತಿಲ್ಲ.

ಅವತ್ತೇ ಇಬ್ಬರೂ ಸೈಬರ್ ಸೆಂಟರಿಗೆ ಹೋದೆವು. ನನಗೆ ಆ ಪರದೆಯನ್ನು ಹೇಗೆ ನೋಡಬೇಕೆಂಬುದೂ ಗೊತ್ತಿಲ್ಲ. ಮಗಳು ಏನೇನೋ ಒತ್ತಿದಳು, ಅವನು ಬಂದ. ಕೂಲಿಂಗ್ ಗ್ಲಾಸ್ ಹಾಕಿ, ಕೂದಲನ್ನು ತನ್ನ ಮೆಚ್ಚಿನ ಹೀರೋನ ಥರ ಮುಂದಕ್ಕೆ ಇಳಿಬಿಟ್ಟ ಅದೇ ಫೋಟೋ. ಪಕ್ಕದಲ್ಲಿ ಮೊನ್ನೆ ಮೊನ್ನೆಯ ತಾರೀಖು, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮಾತು. ಯಾವನೋ ಎಂ.ಎಲ್.ಎ. ಪಕ್ಷ ಬಿಟ್ಟದ್ದನ್ನು ಆಡಿಕೊಂಡು ನಗುತ್ತಿದ್ದಾನೆ ನನ್ನ ಮಗ. ಅಕ್ಟೋಬರಿನಲ್ಲಿ ನಾನೇ ಬಾಯಿಗೆ ನೀರು ಬಿಟ್ಟು ಕಳಿಸಿದ ಮಗ. ರೀ, ಅವತ್ತು ನಾನು ಹೆದರಲಿಲ್ಲ. ಸಂತೋಷವಾಯಿತು. ಆ ಸಂತೋಷ ನೆನೆದರೆ ಮಾತ್ರ ಈಗ ಹೆದರಿಕೆಯಾಗುತ್ತದೆ.

ಮರುದಿನದಿಂದ ಅಂಗನವಾಡಿಯ ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ನಾನೊಬ್ಬಳೇ ಹೋಗತೊಡಗಿದೆ. ಅಂಗಡಿಯವರು ಆ ಪುಟ ತೆಗೆದು ಕೊಡುತ್ತಿದ್ದರು, ನಾನು ಹಿಂದಿನಿಂದ ಓದುತ್ತಾ ಬಂದೆ. ‘ಧಣಿ ಅಡ್ಡ, ತುಮಕೂರು’ ಅಂತ ಅಲ್ಲಿನ ಅವನ ಗುಂಪಿನ ಹೆಸರು. ಅಲ್ಲಿರುವವರಿಗೆ ಎರಡೇ ಕೆಲಸ. ತಮ್ಮ ಹೀರೋನನ್ನು ಧಣಿ ಧಣಿ ಎಂದು ಹೊಗಳಿ ಇನ್ನೊಬ್ಬ ಹೀರೋನ ಅಭಿಮಾನಿಗಳ ಕಾಲೆಳೆಯುವುದು, ಅದು ಸಾಕಾದಾಗ ರಾಜಕೀಯ. ಯಾವ ಸಿನಿಮಾ ನೂರು ದಿನ ಓಡುತ್ತದೆ ಎಂದು ಶುರುವಾದ ಜಗಳ ಯಾವ ಸರ್ಕಾರ ನೂರು ದಿನ ಉಳಿಯುತ್ತದೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬೆಂಗಳೂರು, ಮೈಸೂರು, ದುಬೈ ಎಲ್ಲ ಕಡೆಯವರೂ ಇದ್ದಾರೆ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ನಮ್ಮವನಿಗೆ ಅವರಿಟ್ಟ ಹೆಸರು ಉಪ್ಪಾರಹಳ್ಳಿ ಉಡಾಫೆ. ಹೆತ್ತ ನಾನು ಇಟ್ಟಿದ್ದರೂ ಅಷ್ಟು ಸರಿಯಾಗಿ ಇಡುತ್ತಿರಲಿಲ್ಲ.

ಅಲ್ಲೊಂದು ಕಟ್ಟಳೆಯಿದೆ. ವಾದದಲ್ಲಿ ಸೋತವನು ‘ಸಾಯಬೇಕು’. ತನ್ನ ಶ್ರದ್ಧಾಂಜಲಿ ಫ್ಲೆಕ್ಸನ್ನು ತಾನೇ ತಯಾರು ಮಾಡಿ ಎಲ್ಲರಿಗೂ ತೋರಿಸಬೇಕು. ಫೋಟೋಗೆ ಹಾರ, ಎರಡು ಪಕ್ಕಕ್ಕೂ ದೀಪ, ಹುಟ್ಟಿದ ದಿನ, ಸತ್ತ ದಿನ, ಎಲ್ಲ ಕ್ರಮವಾಗಿ ಇರಬೇಕು. ಆಮೇಲೆ ಬಾಯಿ ಬಿಡುವಂತಿಲ್ಲ. ಹನ್ನೊಂದನೆಯ ದಿನ ಎದ್ದು ಬಂದು ತನ್ನ ತಿಥಿಯ ಊಟ ಹೇಗಿತ್ತು ಎಂದು ವರ್ಣಿಸಿ ಎಲ್ಲರನ್ನೂ ನಗಿಸಬೇಕು. ನಗಿಸಿದರೆ ಒಳಗೆ, ಇಲ್ಲದಿದ್ದರೆ ಇನ್ನೊಂದು ಸಲ ಸಾವು. ಈ ಕಟ್ಟಳೆ ಮಾಡಿದವನೇ ನಮ್ಮ ಮಗ. ನಿಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ದಿನವೂ ಯಾರದೋ ಶ್ರದ್ಧಾಂಜಲಿ, ಯಾರದೋ ಹುಟ್ಟುಹಬ್ಬ ಜೋಡಿಸುತ್ತಾ ಕೂತವನಿಗೆ ಇನ್ನೆಂಥ ಆಟ ಹೊಳೆಯಬೇಕು?

ಕಳೆದ ವರ್ಷ ಸರ್ಕಾರ ಬಿದ್ದ ದಿನ ಅವನು ಸೋತಿದ್ದ. ಒಪ್ಪಂದದಂತೆ ಅಧಿಕಾರ ಬಿಟ್ಟುಕೊಟ್ಟೇ ಕೊಡುತ್ತಾರೆ, ಕೊಟ್ಟ ಮಾತು ಅಂದರೆ ಮಾತು ಎಂದು ವಾರಗಟ್ಟಲೆ ವಾದ ಮಾಡಿದ್ದನಂತೆ, ಪೆದ್ದು. ಮಧ್ಯಾಹ್ನ ಕೂತು ತನ್ನ ಫ್ಲೆಕ್ಸ್ ಮಾಡಿದ. ಅಡಿಯಲ್ಲಿ ‘ಅಳಬೇಡಿ, ಹನ್ನೊಂದಕ್ಕೆ ವಾಪಸ್ ಬರ್ತೀನಿ’ ಎಂದು ಬರೆದ. ಸಂಜೆ ಯಾರದೋ ಗೃಹಪ್ರವೇಶದ ಬ್ಯಾನರ್ ಕಟ್ಟಿ ಬರುತ್ತೇನೆಂದು ನಿಟ್ಟೂರಿಗೆ ಹೋದ. ಬರುವಾಗ ಗುಬ್ಬಿಯ ಈಚೆಗೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್.

ಇದಾದ ಮೇಲಿನದು ನಿಮಗೂ ನನಗೂ ಗೊತ್ತು, ಆದರೂ ನಾವಿಬ್ಬರೂ ಒಂದು ದಿನವೂ ಆಡದ ಮಾತು. ಬೆಳಗಾದರೆ ನೆಂಟರು ಬರುತ್ತಾರೆ, ಫ್ಲೆಕ್ಸ್ ಆಗಬೇಕು ಎಂದು ಯಾರೋ ಅಂದರು. ನೀವು ಅಂಗಡಿಗೆ ಹೋಗಿ ಕಂಪ್ಯೂಟರ್ ತೆಗೆದಿರಿ. ಅಲ್ಲಿ ಅದಾಗಲೇ ತಯಾರಿತ್ತು. ಅದೇ ಹೆಸರು, ಅದೇ ಮುಖ, ಅದೇ ತಾರೀಖು. ನೀವು ಕೆಳಗಿನ ಸಾಲನ್ನು ಓದಲೂ ಇಲ್ಲ, ಹಾಗೇ ಅಚ್ಚು ಹಾಕಿ ತಂದು ಗೇಟಿನ ಪಕ್ಕದ ಕಂಬಕ್ಕೆ ಕಟ್ಟಿದಿರಿ. ಬಂದವರೆಲ್ಲ ಅದನ್ನು ಓದಿ ಮುಖ ಮುಖ ನೋಡಿಕೊಂಡರು. ಓದು ಬಾರದ ಅತ್ತೆ ಯಾರ ಕೈಲೋ ಓದಿಸಿಕೊಂಡರು. ಅವತ್ತಿನಿಂದ ಅವರು ತಲೆಬಾಗಿಲ ಚಿಲಕ ಹಾಕಲು ಬಿಟ್ಟಿಲ್ಲ. ನಾನು ಹತ್ತು ಜನರ ಮುಂದೆ ನಿಮ್ಮ ಅಂಗಿ ಹಿಡಿದು, ಮಗನ ಹೆಣದ ಮುಂದೆ ತಮಾಷೆ ಮಾಡ್ತೀರಾ ಎಂದು ಕಿರುಚಿದೆ. ನೀವು ಕಾರ್ಯ ಮುಗಿಸಿ, ಕಂಪ್ಯೂಟರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಕುಣಿಗಲ್‌ಗೆ ಹೋದಿರಿ. ನಾನು ತಡೆಯಲಿಲ್ಲ.

ಆ ಫ್ಲೆಕ್ಸ್ ನೋಡಿ ನಿಮ್ಮ ಎದೆಯಲ್ಲಿ ಎದ್ದ ಪ್ರಶ್ನೆ ಯಾವುದು ಎಂದು ನನಗೆ ಗೊತ್ತು. ಅವತ್ತು ಬೆಳಗ್ಗೆ ಅವನಿಗೂ ನಿಮಗೂ ಮಾತು ಬೆಳೆದಿತ್ತು. “ಆ ಪೆಟ್ಟಿಗೆ ಮುಂದೆ ಸತ್ತಂಗೆ ಬಿದ್ದಿರ್ತೀಯಲ್ಲೋ, ನಿನ್ನ ಧಣಿ ಬಂದು ಅನ್ನ ಹಾಕ್ತಾನಾ” ಎಂದು ನೀವು ಅಂದಿರಿ. ಅವನು ತಿಂಡಿ ಬಿಟ್ಟು ಎದ್ದು ಹೋಗಿದ್ದ. ಸಾಯಬೇಕೆಂದೇ ಹೊರಟನೇ, ತಾನೇ ಹೋಗಿ ಟ್ರೈಲರಿಗೆ ಗುದ್ದಿದನೇ ಎಂದು ನೀವು ಯೋಚಿಸಿದಿರಿ. ನಾನೂ ಅದನ್ನೇ ಯೋಚಿಸಿದೆ. ಎಷ್ಟೋ ತಿಂಗಳು ಅನ್ನದ ತುತ್ತಿನ ಜೊತೆ ಅದನ್ನೇ ನುಂಗಿದೆ. ಹಳೆಯದನ್ನೆಲ್ಲ ಓದಿದ ಮೇಲೆ, ಸೋತವರೆಲ್ಲರೂ ಹೀಗೇ ಮಾಡುತ್ತಾರೆ, ಅವನೂ ಹಿಂದೆ ಎಷ್ಟೋ ಸಲ ಸತ್ತು ಎದ್ದಿದ್ದಾನೆ ಎಂದು ತಿಳಿಯಿತು. ಸೈಬರ್ ಸೆಂಟರಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಅವನು ಸಾಯಲು ಹೋಗಿರಲಿಲ್ಲ ರೀ. ಹನ್ನೊಂದಕ್ಕೆ ವಾಪಸ್ ಬಂದು ನಗಿಸಬೇಕೆಂದಿದ್ದ. ನಿಮಗೆ ಇದು ಮೊದಲೇ ತಿಳಿದಿರಬಹುದು. ಆದರೂ ನನ್ನ ಬಾಯಿಂದ ಕೇಳಿ: ನಿಮ್ಮ ಮಾತಿನಿಂದ ಅವನು ಸಾಯಲಿಲ್ಲ.

ಹನ್ನೊಂದನೆಯ ದಿನ ಇಲ್ಲಿ ಎಡೆ ಇಟ್ಟು ಕಾಗೆಗೆ ಕಾದೆವು, ಬರಲಿಲ್ಲ. ಅಲ್ಲಿ ಅವನು ಬಂದಿದ್ದ. ಎಲ್ಲರೂ ಹೋ ಎಂದಿದ್ದರು. ಮೊದಮೊದಲು ನನಗೂ ಅದು ಅವನೇ ಎನಿಸಿತ್ತು. ಆಮೇಲೆ ಆ ಎಂ.ಎಲ್.ಎ. ಮಾತಿಗೆ ಅವನು ‘ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ’ ಎಂದು ಬರೆದದ್ದು ಕಣ್ಣಿಗೆ ಬಿತ್ತು. ನಮ್ಮ ಮದುವೆಯಾದ ದಿನದಿಂದ ಈ ಗಾದೆಯನ್ನು ನಾನು ಯಾರ ಬಾಯಲ್ಲಿ ಕೇಳಿದ್ದೇನೆ? ಸಾರು ಕೆಟ್ಟರೂ ಇದೇ, ಕರೆಂಟು ಹೋದರೂ ಇದೇ. ಇಪ್ಪತ್ತೆರಡರ ಹುಡುಗ ಎಂಬತ್ತಮೂರರ ಚುನಾವಣೆಯನ್ನು ಕಣ್ಣಾರೆ ಕಂಡವನ ಹಾಗೆ ವಿವರಿಸುತ್ತಾನೆ! ಆ ದುಬೈ ಗುಂಡಯ್ಯ ಎನ್ನುವವನು, “ತಿಥಿ ಊಟ ಮಾಡಿದ್ಮೇಲೆ ನಿಂಗೆ ಭಾರಿ ಬುದ್ಧಿ ಬಂದೈತೆ ಕಣ್ಲಾ” ಎಂದು ಹಾಸ್ಯ ಮಾಡಿದ್ದಾನೆ. ನನಗೆ ನಗುವೂ ಬಂತು, ಕೆನ್ನೆಗೆ ಬಾರಿಸಬೇಕು ಎಂದೂ ಅನ್ನಿಸಿತು. ಅವನ ಕಂಪ್ಯೂಟರ್ ತೆಗೆದರೆ ಅವನ ಪುಟವೂ ತೆರೆದುಕೊಳ್ಳುತ್ತದೆ ಎಂದು ಯಶಸ್ವಿನಿಯಿಂದ ತಿಳಿದೆ. ಕಾರ್ಯ ಮುಗಿದ ಸಂಜೆಯೇ ನೀವು ಅದರ ಮುಂದೆ ಕೂತಿರಿ. ಮಗ ಕೊಟ್ಟ ಮಾತು ಉಳಿಸಿದಿರಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಾದ ಮೇಲೂ ನಾನು ದಿನಾ ಹೋಗಿ ಓದುತ್ತಿದ್ದೆ, ಇನ್ನು ಯಾರ ಮೇಲೆ ಸಿಟ್ಟು ಮಾಡಲಿ?

ಆದರೆ ಯಶಸ್ವಿನಿ. ಅವಳಿಗೂ ಅದು ನೀವೇ ಎಂದು ಗೊತ್ತಿದೆ ಎಂದುಕೊಂಡಿದ್ದೆ. ಮೊನ್ನೆ ಹೊಸ ಚೂಡಿದಾರ್ ಹೊಲಿಸಿಕೊಂಡು ಬಂದು, “ಅಣ್ಣ ಹಸಿರೇ ತಗೋ ಅಂದ” ಎಂದಳು. ನಾನು ಒಲೆ ಆರಿಸಿ, ಹೋಗಿ ಅವನ ಪುಟ ತೆಗೆಸಿ ನೋಡಿದೆ. ಅವಳು ಅವನಿಗೆ ಬರೆಯುತ್ತಾಳೆ, ನೀವು ಅವನಾಗಿ ಉತ್ತರ ಕೊಡುತ್ತೀರಿ. ‘ಓದ್ಕೊ ಹೋಗೇ ಕೋತಿ’ ಎಂದೂ ಬರೆದಿದ್ದೀರಿ. ಅವಳು ಏನೂ ಓದುತ್ತಿಲ್ಲ. ಪರೀಕ್ಷೆಗೆ ಹೋಗದೆ ಎರಡು ದಿನ ಆ ಸೈಬರ್ ಸೆಂಟರಿನಲ್ಲಿ ಉತ್ತರಕ್ಕೆ ಕಾದು ಕೂತಿದ್ದಳಂತೆ. ಅದು ಅಪ್ಪ ಕಣೇ ಎಂದು ಹೇಳಿದೆ. ಅವಳು ಕಿವಿ ಮುಚ್ಚಿಕೊಂಡು, “ಗೊತ್ತು, ಹೇಳ್ಬೇಡ ಬುಡಮ್ಮ” ಅಂದಳು. ಅತ್ತೆ ಬಾಗಿಲು ತೆರೆದಿಟ್ಟು ಕಾಯುತ್ತಾರೆ, ಇವಳು ಅಲ್ಲಿ ಕಾಯುತ್ತಾಳೆ. ಒಬ್ಬನನ್ನು ಕಳಕೊಂಡಿದ್ದೇವೆ. ಅವನ ಹಿಂದೆಯೇ ಇವಳೂ ನಡೆಯುತ್ತಿದ್ದಾಳೆ, ನನ್ನ ಕಣ್ಣೆದುರಿಗೆ.

ಹೋದ ಭಾನುವಾರ ಫಲಿತಾಂಶ ಬಂತು. ನೀವು ಹಿಡಿದ ಪಕ್ಷ ಸೋತಿತು, ಮಗ ನಮ್ಮ ಪಾಲಿಗೆ ಎರಡನೆಯ ಸಲ ಸತ್ತ. ಹಾರ ಹಾಕಿದ ಅವನ ಫೋಟೋವನ್ನು ನೀವೇ ಮತ್ತೊಮ್ಮೆ ಜೋಡಿಸಿ ಹಾಕಿದ್ದೀರಿ. ಹೇಗೆ ಕೈ ಬಂತೋ! ಎಲ್ಲರೂ ಬುಧವಾರಕ್ಕೆ ಕಾಯುತ್ತಿದ್ದಾರೆ. ಈ ಸಲ ಅವನು ಬರದಿರಲಿ. ಅವರು ಬೈದುಕೊಂಡು, ಆಮೇಲೆ ಮರೆಯುತ್ತಾರೆ. ಯಶಸ್ವಿನಿ ಅಳುತ್ತಾಳೆ. ಮೊದಲ ಸಲ ಅಳದೆ ಉಳಿಸಿಕೊಂಡಿದ್ದನ್ನು ಈಗಲಾದರೂ ಅತ್ತು ಮುಗಿಸಲಿ. ನೀವು ಊರಿಗೆ ಬಂದು ಅವಳ ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು. ನಿಮ್ಮ ಅಂಗಿ ಹಿಡಿಯುವುದಿಲ್ಲ, ಬನ್ನಿ.

ಇಂತಿ,
ಮಂಗಳಗೌರಿ

ವಿ.ಸೂ. — ಬುಧವಾರ, ಸಂಜೆ.

ಈ ಪತ್ರ ಇನ್ನೂ ನನ್ನ ಚೀಲದಲ್ಲೇ ಇದೆ. ಅಂಚೆ ಪೆಟ್ಟಿಗೆಯ ತನಕ ಹೋಗಿ ವಾಪಸು ಬಂದೆ, ಯಾಕೆಂದು ಕೇಳಬೇಡಿ. ನಿಮಗೆ ತಲುಪುವುದಿಲ್ಲ ಎಂದಾದ ಮೇಲೆ ಇದನ್ನು ನಾನೇ ಮಾಡಬೇಕಲ್ಲ. ಇವತ್ತು ರಜೆ ಹಾಕಿ, ಸೈಬರ್ ಸೆಂಟರ್ ಬಾಗಿಲು ತೆಗೆಯುವ ಹೊತ್ತಿಗೇ ಹೋದೆ. ಅಂಗಡಿಯವರಿಗೆ ಹೇಳಿ ನನ್ನ ಹೆಸರಿನಲ್ಲೇ ಆ ಅಡ್ಡೆಗೆ ಸೇರಿಕೊಂಡೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದೆ: ನಾನು ಅಂಜನ್ ತಾಯಿ, ನನ್ನ ಮಗ ಹೋದ ಅಕ್ಟೋಬರಿನಲ್ಲೇ ತೀರಿಕೊಂಡ, ಇಷ್ಟು ದಿನ ಬರೆದದ್ದು ಅವನಲ್ಲ, ದಯವಿಟ್ಟು ಇನ್ನು ಅವನನ್ನು ಕಾಯಬೇಡಿ.

ಮೊದಲು ನಕ್ಕವನು ಗುಂಡಯ್ಯ. “ಲೋ ಉಡಾಫೆ, ಈ ಸಲ ಅಮ್ಮನ ವೇಷದಲ್ಲಿ ಬಂದ್ಯೇನ್ಲಾ!” ಅಂದ. ಆಮೇಲೆ ಒಬ್ಬೊಬ್ಬರೇ ಬಂದು ನಗತೊಡಗಿದರು. ಇದುವರೆಗೆ ಯಾರೂ ಹೀಗೆ ಎದ್ದು ಬಂದಿರಲಿಲ್ಲವಂತೆ, ಇದನ್ನು ಯಾರೂ ಮೀರಿಸಲಾರರಂತೆ. ಇದು ನಿಜ, ದೇವರಾಣೆಗೂ ನಿಜ ಎಂದು ಬರೆದೆ. ಇನ್ನೂ ಜೋರಾಗಿ ನಕ್ಕರು. ಕೊನೆಗೆ ಗುಂಡಯ್ಯ, “ನೀನಿಲ್ದೆ ಇಲ್ಲಿ ಮಜಾನೇ ಇರ್ಲಿಲ್ಲ ಕಣೋ. ಬಂದ್ಯಲ್ಲ, ಸಾಕು” ಎಂದು ಬರೆದ.

ನನ್ನ ಮಗನನ್ನು ಅಷ್ಟು ಅಕ್ಕರೆಯಿಂದ ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು! ಅಲ್ಲ ಎನ್ನಲು ಕೈ ಬರಲಿಲ್ಲ ರೀ. ‘ಹೂಂ ಕಣೋ, ಬಂದೆ’ ಎಂದು ಬರೆದುಬಿಟ್ಟೆ. ಎದ್ದು ಹಿಂದೆ ತಿರುಗಿದರೆ ಯಶಸ್ವಿನಿ ನಿಂತಿದ್ದಳು. ಎಲ್ಲವನ್ನೂ ಓದಿದ್ದಳು. ನನ್ನ ಕೈ ಹಿಡಿದುಕೊಂಡು, “ಥ್ಯಾಂಕ್ಸ್ ಅಣ್ಣ” ಅಂದಳು.

ನಾಳೆ ಅವಳು ಮತ್ತೆ ಹೋಗುತ್ತಾಳೆ. ಯಾರು ಬರೆಯುವುದು, ನೀವೋ ನಾನೋ, ಬೇಗ ತಿಳಿಸಿ.