ಬಾಲವಿಲ್ಲದ ಕಾಗದ

ಬ್ಲ್ಯಾಕ್ ಪಾಂಡ್, ಮಸಾಚುಸೆಟ್ಸ್
ಮಂಗಳವಾರ, ಮಾರ್ಚ್ ೧೯, ೧೮೧೧

ಪ್ರೀತಿಯ ಜೋಥಮ್,

ನಿನ್ನ ಮಂಡಿ ಹೇಗಿದೆ? ಈ ಕೆಸರಿನ ಕಾಲದಲ್ಲಿ ಅದು ನಿನ್ನನ್ನು ಸುಮ್ಮನೆ ಬಿಡುವುದಿಲ್ಲವೆಂದು ನನಗೆ ಗೊತ್ತು. ನಿನ್ನ ಚಿಕ್ಕಮ್ಮ ಈಗಷ್ಟೇ ಒಲೆಯ ಮುಂದಿನಿಂದ ಕೂಗಿದಳು: "ಉಣ್ಣೆಬಟ್ಟೆ ಸುತ್ಕೋ ಅಂತ ಬರೀರಿ. ದೇಶ ಆಳ್ದೋನಾದ್ರೆ ಮಂಡಿಗೆ ಚಳಿ ಆಗಲ್ವೇನು?" ಬರೆದಿದ್ದೇನೆ. ನನ್ನ ಆರೋಗ್ಯ ಕೇಳಿದರೆ, ಕಣ್ಣು ಮಂದ, ಸೊಂಟ ಬಿಗಿ, ನಾಲಿಗೆ ಮಾತ್ರ ಮೊದಲಿನಂತೆಯೇ ಇದೆ. ಮೇಪಲ್ ಮರಗಳ ರಸ ಇಳಿಯತೊಡಗಿದೆ. ಸಕ್ಕರೆಗೆಂದು ಅದನ್ನು ಹಗಲೆಲ್ಲ ಕುದಿಸಿ ಕುದಿಸಿ ಮೈಯೆಲ್ಲ ಹೊಗೆ, ಅಂಟು. ಈ ಕಾಗದದ ಮೂಲೆ ನಿನ್ನ ಬೆರಳಿಗೆ ಹತ್ತಿಕೊಂಡರೆ ಅದು ಪ್ರೀತಿಯಲ್ಲ, ಸಕ್ಕರೆ. ನನ್ನಷ್ಟು ತಿಳಿಯಾದ ಸಕ್ಕರೆ ಇಳಿಸುವವನು ಸುತ್ತಮುತ್ತ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲ.

ದೊಡ್ಡ ಸುದ್ದಿಯೆಂದರೆ, ಈ ಸಲದ ಊರಸಭೆಯಲ್ಲಿ ನನಗೂ ಅಧಿಕಾರ ಸಿಕ್ಕಿತು. ಬೇಲಿ ನುಗ್ಗಿ ಅಲೆಯುವ ಹಂದಿಗಳನ್ನು ಹಿಡಿದು ದೊಡ್ಡಿಗೆ ಸೇರಿಸುವ ಅಧಿಕಾರಿ ನಾನೀಗ. ಅದು ಹೊಸದಾಗಿ ಮದುವೆಯಾದ ಹುಡುಗರಿಗೆ ತಮಾಷೆಗೆ ಕಟ್ಟುವ ಹುದ್ದೆ ಎಂದು ನೀನು ನೆನಪಿಸಬೇಕಾಗಿಲ್ಲ. ಈ ವರ್ಷ ಊರಿನಲ್ಲಿ ಒಂದು ಮದುವೆಯೂ ಆಗಲಿಲ್ಲ. ಊಟದ ಛತ್ರವನ್ನೂ ಅಂಚೆಯನ್ನೂ ನೋಡಿಕೊಳ್ಳುವ ಬಾರ್ಜಿಲೈ ಎದ್ದು ನಿಂತು, "ಅಣ್ಣನ ಮಗ ಸೆನೆಟರಾಗಿದ್ದೋನು, ರಾಯಭಾರಕ್ಕೆ ಹೋಗ್ಬಂದೋನು. ಆ ಮನೇಲಿ ಚಿಕ್ಕಪ್ಪನಿಗೆ ಹಂದಿಯಾದ್ರೂ ಬೇಡ್ವೇನ್ರೋ!" ಎಂದ. ಎಲ್ಲ ಕೈಗಳೂ ಎದ್ದವು. ನಾನು ಟೊಪ್ಪಿಗೆ ತೆಗೆದು ಗಂಭೀರವಾಗಿ ಬಾಗಿದೆ. ನಗಬೇಡ, ನಿನ್ನ ಅಧಿಕಾರಕ್ಕಿಂತ ನನ್ನದೇ ಮೇಲು. ಹಂದಿಗಳು ಕಾಗದ ಬರೆಯುವುದಿಲ್ಲ.

ಕಾಗದಗಳ ಮಾತು ಬಂದದ್ದರಿಂದ ಹೇಳುತ್ತೇನೆ. ಸೇಬು ಹಣ್ಣಾಗುವ ಕಾಲದಲ್ಲಿ ನಿನ್ನ ಮನೆಗೆ ಬಂದಾಗ ಕಂಡ ಆ ಮೇಜು ಇನ್ನೂ ನನ್ನ ಕಣ್ಣ ಮುಂದಿದೆ. ಒಬ್ಬನಿಗೆ ನ್ಯಾಯಾಧೀಶನ ಕೆಲಸ ಬೇಕು. ಒಬ್ಬ ತಾನು ಕಂಡುಹಿಡಿದ ನೇಗಿಲನ್ನು ನೀನು ಹೊಗಳಬೇಕೆನ್ನುತ್ತಾನೆ. ಇನ್ನೊಬ್ಬ ಮಗುವಿಗೆ ನಿನ್ನ ಹೆಸರಿಟ್ಟಿದ್ದಾನೆ, ಅದಕ್ಕೊಂದು ಬೆಳ್ಳಿಚಮಚ ಆಗಬೇಕಂತೆ. ಸತ್ತಮೇಲೆ ಆತ್ಮ ನಿದ್ದೆ ಮಾಡುತ್ತದೋ ಇಲ್ಲವೋ ಎಂದು ನಿನ್ನನ್ನು ಕೇಳಿದವನೂ ಒಬ್ಬನಿದ್ದ, ನೀನು ಆ ರಾಯಭಾರಕ್ಕೂ ಹೋಗಿಬಂದವನ ಹಾಗೆ. ನೀನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಚಿಕ್ಕಪ್ಪ, ಅಧಿಕಾರ ಬಿಟ್ ಬಂದೆ ಅಂದ್ಕೊಂಡೆ. ಅಧಿಕಾರ ಅಲ್ಲೇ ಉಳೀತು, ಕೇಳೋರೆಲ್ಲ ನನ್ ಹಿಂದೇನೇ ಬಂದ್ರು" ಎಂದೆ. ಗುರುತಿಲ್ಲದ ಕೈಬರಹವನ್ನೆಲ್ಲ ಹಿಂದಕ್ಕೆ ಕಳಿಸುತ್ತೇನೆ ಎಂದು ಅವತ್ತೇ ನೀನು ನಿಶ್ಚಯಿಸಿದೆ. ಸರಿಯಾಗೇ ಮಾಡಿದೆ. ಅಂಚೆಹಣ ತೆತ್ತು ಬಿಡಿಸಿಕೊಳ್ಳಬೇಕಾದವನು ನೀನು, ಬೈಸಿಕೊಳ್ಳಬೇಕಾದವನೂ ನೀನೇ. ಆದರೆ ನಿನ್ನ ಬಾಗಿಲು ಮುಚ್ಚಿದ ಮೇಲೆ ಅವರೆಲ್ಲ ನನ್ನ ಬಾಗಿಲಿಗೆ ಬರುತ್ತಿದ್ದಾರೆ. "ನಿಮ್ ಜೋಥಮ್‌ಗೆ ಒಂದ್ಮಾತು ಬರೀರಿ" ಎನ್ನುತ್ತಾರೆ. ಮೊದಮೊದಲು ಎದೆ ಉಬ್ಬುತ್ತಿತ್ತು. ಈಗ ನಾಯಿ ಬೊಗಳಿದರೆ ಹಿತ್ತಿಲ ಬಾಗಿಲಿನಿಂದ ಸಕ್ಕರೆ ಗುಡಿಸಲಿಗೆ ಓಡುತ್ತೇನೆ. ಕೆಲಸ ಕೇಳಿದವರ ಪರವಾಗಿ ಒಂದಕ್ಷರವೂ ಬರೆದಿಲ್ಲ. ನೀನು ದಣಿದಿದ್ದೀಯ. ನಾನು ದಣಿದಿರುವುದು ಸುಳ್ಳು ನೆಪ ಹೇಳಿ ಹೇಳಿ.

ಒಬ್ಬಳಿಗಾಗಿ ಮಾತ್ರ ಬರೆದೆ, ಎರಡು ಸಲ. ರೂಫಸ್‌ನ ಹೆಂಡತಿ ಡಾರ್ಕಸ್‌ಗಾಗಿ. ರೂಫಸ್‌ನನ್ನು ನೀನು ಮರೆತಿರಲಾರೆ. ನೀನು ಇಲ್ಲಿ ಚಳಿಗಾಲದ ಶಾಲೆ ನಡೆಸುತ್ತಾ ವಾರಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದೆಯಲ್ಲ, ಅವನ ಅಪ್ಪನ ಮನೆಯ ಸರದಿಯಲ್ಲೇ ಅವನು ಹುಟ್ಟಿದ. ಸೂಲಗಿತ್ತಿಯನ್ನು ಕರೆತರಲು ಹಿಮದಲ್ಲಿ ಹೊರಟವನು ನೀನು. ಕುದುರೆಯಿಂದ ಬಿದ್ದ ನಿನ್ನನ್ನು ಹಿಮದಿಂದ ಕಿತ್ತು ತೆಗೆದವನು ನಾನು, ಇದನ್ನು ನೀನು ಯಾವ ಭಾಷಣದಲ್ಲೂ ಹೇಳಲಿಲ್ಲ, ಇರಲಿ. ಆ ರೂಫಸ್ ನಮ್ಮ ದೇಶದ ಸರಕಿನ ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದಾಗ ಇಂಗ್ಲಿಷರ ಯುದ್ಧನೌಕೆಯವರು ತಡೆದು, ಇವನು ನಮ್ಮ ದೊರೆಯ ಪ್ರಜೆ ಎಂದು ತಮ್ಮ ನೌಕೆಯಲ್ಲಿ ದುಡಿಸಲು ಎಳೆದೊಯ್ದಿದ್ದಾರೆ. ಅಮೆರಿಕದವನೆಂದು ತೋರಿಸಿದ ಕಾಗದವನ್ನು ಅವರ ಅಧಿಕಾರಿ ಸಮುದ್ರಕ್ಕೆ ಎಸೆದನಂತೆ. ಪಾದ್ರಿಯ ಮನೆ ಸುಟ್ಟಾಗ ಹುಟ್ಟಿನ ದಾಖಲೆಯೂ ಬೂದಿಯಾಯಿತು. ಅಪ್ಪ ಅಮ್ಮ ಇಲ್ಲ, ಸೂಲಗಿತ್ತಿಯೂ ಇಲ್ಲ. ಉಳಿದ ಸಾಕ್ಷಿ ನಾವಿಬ್ಬರೇ. ಹಂದಿ ಅಧಿಕಾರಿಯ ಸಹಿಗೆ ಲಂಡನ್ನಿನಲ್ಲಿ ಏನು ಬೆಲೆ? ನಿನ್ನ ಸಹಿಯನ್ನು ಅವರು ಒಪ್ಪಂದದ ಮೇಜಿನ ಮೇಲೆ ಕಂಡಿದ್ದಾರೆ. ಆ ನೌಕೆ ಈಗ ಅವರ ಬಂದರಿನಲ್ಲಿ ರಿಪೇರಿಗೆ ನಿಂತಿದೆ, ಬೇಸಿಗೆಗೆ ಪೂರ್ವದೇಶಗಳಿಗೆ ಹೊರಡುತ್ತದೆ ಎಂದು ತಪ್ಪಿಸಿಕೊಂಡು ಬಂದ ಜೊತೆಗಾರನೊಬ್ಬ ಹೇಳಿದ. ಅತ್ತ ಹೊರಟುಹೋದರೆ ಯಾವ ಸಹಿಯೂ ಅವನನ್ನು ಮುಟ್ಟುವುದಿಲ್ಲ.

ನನ್ನ ಎರಡು ಕಾಗದಗಳೂ ಬಿಡಿಸದೆ ಹಿಂದಕ್ಕೆ ಬಂದವು. ಬಾರ್ಜಿಲೈ ಅವನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಬಂದು, "ತಗೋ ಝೀನಸಣ್ಣ, ನಿನ್ ಸೆನೆಟರು ಬೇಡಾಂದ್ರಂತೆ" ಎಂದು ಛತ್ರದ ತುಂಬ ಜನರ ಮುಂದೆ ಇಟ್ಟ. ಆ ವಾರವೆಲ್ಲ ನಿನ್ನನ್ನು ಬೈದೆ. ದನದ ಕೊಟ್ಟಿಗೆಯಲ್ಲಿ ಬೈದೆ, ಚರ್ಚಿನಲ್ಲಿ ಹಾಡು ನಡೆಯುವಾಗಲೂ ಬೈದೆ. ಕೊನೆಗೆ ನಿನ್ನ ಚಿಕ್ಕಮ್ಮ ಕಾಗದವನ್ನು ದೀಪಕ್ಕೆ ಹಿಡಿದು, "ಅಯ್ಯೋ ನನ್ ಪುಣ್ಯಾತ್ಮ, ಹೆಸರಿನ ಕೆಳಗೆ ಬಾಲ ಎಳೆದಿದ್ದೀರಲ್ರೀ!" ಎಂದು ಹಣೆ ಚಚ್ಚಿಕೊಂಡಳು. ನೀನು ಕಾಸಿಲ್ಲದೆ ಕಾಲೇಜಿನಲ್ಲಿ ಓದುವಾಗ ಅಂಚೆಹಣ ತಪ್ಪಿಸಲು ನಾವಿಬ್ಬರೂ ಮಾಡಿಕೊಂಡ ಮೋಸ ಅದು. ಹೊರಗೆ ನಿನ್ನ ಹೆಸರಿನ ಕೆಳಗೆ ಹಂದಿಬಾಲದ ಸುರುಳಿ ಇದ್ದರೆ ಮನೆಯಲ್ಲಿ ಎಲ್ಲ ಕ್ಷೇಮ, ನೋಡಿ ಹಿಂದಿರುಗಿಸು. ಬಾಲವಿಲ್ಲದಿದ್ದರೆ ಸಾಲ ಮಾಡಿಯಾದರೂ ಬಿಡಿಸಿಕೋ. ಆಮೇಲೆ ನೀನು ಸೆನೆಟಿಗೆ ಹೋದೆ, ನಿನಗೆ ಅಂಚೆ ಪುಕ್ಕಟೆಯಾಯಿತು, ಬಾಲವಿದ್ದರೂ ಬಿಡಿಸಿ ಓದಿದೆ. ಅಷ್ಟು ವರ್ಷಗಳಲ್ಲಿ ಆ ಸುರುಳಿಗೊಂದು ಅರ್ಥವಿತ್ತೆಂಬುದೇ ನನಗೆ ಮರೆತುಹೋಗಿ, ಅದು ನನ್ನ ಬರಹದ ಚೆಂದವೆಂದುಕೊಂಡಿದ್ದೆ. ಅಧಿಕಾರ ಬಿಟ್ಟು ಮತ್ತೆ ಅಂಚೆಹಣ ತೆರಬೇಕಾದ ನೀನು ಮಾತ್ರ ಮರೆಯಲಿಲ್ಲ. ಚಿಕ್ಕಪ್ಪ ಕ್ಷೇಮವಾಗಿದ್ದಾನೆಂದು ನೆಮ್ಮದಿಯಿಂದ ಹಿಂದಿರುಗಿಸಿದೆ. ನಾನು ಬೈದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಚರ್ಚಿನಲ್ಲಿ ಬೈದದ್ದನ್ನು ಚರ್ಚಿನಲ್ಲೇ.

ಹಾಳೆ ತುಂಬಿತು, ಇನ್ನು ಅಂಚಿನಲ್ಲೇ ಬರೆಯಬೇಕು. ರೂಫಸ್ ಇಲ್ಲೇ ಹುಟ್ಟಿದವನೆಂದು ನಿನ್ನ ಕೈಯಾರೆ ಬರೆದು, ಸಹಿ ಹಾಕಿ ಲಂಡನ್ನಿಗೆ ಕಳಿಸು, ಇದೊಂದು ಕೆಲಸ ಮಾಡಿಕೊಡು. ಈ ಕಾಗದಕ್ಕೆ ಬಾಲ ಎಳೆಯುವುದಿಲ್ಲ. ಮುಂದೆ ನನ್ನ ಎಲ್ಲ ಕಾಗದಕ್ಕೂ ಬಾಲವಿರುತ್ತದೆ, ಎಲ್ಲವನ್ನೂ ಹಿಂದಿರುಗಿಸಿ ಹಾಯಾಗಿರು. ದೇವರು ನಿನ್ನ ಮಂಡಿಗೂ ಮನಸ್ಸಿಗೂ ಬಿಡುವು ಕೊಡಲಿ. ಚಿಕ್ಕಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ.

ನಿನ್ನ ಚಿಕ್ಕಪ್ಪ,
ಝೀನಸ್ ಪೆಲ್ಟನ್
ಹಂದಿಗಳ ಅಧಿಕಾರಿ

ಮಡಿಸಿದ ಮೇಲೆ, ಅವಸರದಲ್ಲಿ: ಕೆಟ್ಟಿತು. ಹೊರಗೆ ನಿನ್ನ ಹೆಸರು ಬರೆದೆ, ಕೈ ತಾನಾಗಿ ಬಾಲ ಎಳೆದುಬಿಟ್ಟಿತು. ಮನೆಯಲ್ಲಿ ಬೇರೆ ಹಾಳೆಯಿಲ್ಲ. ಪಕ್ಕದಲ್ಲೇ ನಿಂತಿದ್ದ ಡಾರ್ಕಸ್ ನೋಡಿ, "ಕೊಡಿ ತಾತ, ಬಾಲ ಇರ್ಲಿ ಬಿಡ್ಲಿ, ನಾನೇ ತಗೊಂಡ್ ಹೋಗ್ತೀನಿ. ನನ್ನನ್ನೂ ವಾಪಸ್ ಕಳಿಸ್ತಾರಾ ನೋಡೋಣ" ಎಂದು ಶಾಲು ಹೊದ್ದಳು. ನದಿಯ ದೋಣಿಗಟ್ಟೆಯವರೆಗೆ ಗಾಡಿ ಸಿಗುತ್ತದೆ, ಅಲ್ಲಿಂದಾಚೆ ಕೆಸರಿನಲ್ಲಿ ನಡಿಗೆ. ಅವಳಿಗೆ ಓದು ಬಾರದು, ಕಾಗದದಲ್ಲಿ ಏನಿದೆಯೆಂದು ನಿನ್ನ ಮುಖ ನೋಡಿಯೇ ತಿಳಿಯಬೇಕು. ಜೋಥಮ್, ನೀನಿದನ್ನು ಓದುತ್ತಿರುವಾಗ ಅವಳು ನಿನ್ನ ಎದುರಿಗೇ ನಿಂತಿದ್ದಾಳೆ. ಕೂತ್ಕೋ ಎಂದರೆ ಕೂರುವವಳಲ್ಲ. ನೀನು ಬರೆಯಲು ಕೂತರೆ ಕೂರುತ್ತಾಳೆ.